ಎಂಟು ದಿನ ಆತು, ಡೈಲಾಗೇ ಕೊಟ್ಟಿಲ್ಲ: ಮಕ್ಕಳ ನಟನಾ ತರಬೇತಿಯೊಳಗೆ ನಡೆಯುವುದೇನು?

ಏಪ್ರಿಲ್ ಬಂತೆಂದರೆ ಸೂಟಿ. ವಿಜಯಪುರ, ಬಾಗಲಕೋಟೆಯಲ್ಲಿ ಬಿಸಿಲು ನಲವತ್ತರ ಆಸುಪಾಸು, ಬೆಳಗಾವಿ ತುಸು ತಂಪು ಅಷ್ಟೇ. ಮಕ್ಕಳನ್ನು ದಿನವಿಡೀ ಮನೆಯೊಳಗೆ ಹಿಡಿದಿಡುವುದು ಹೇಗೆಂದು ತಾಯಂದಿರು ತಲೆ ಕೆಡಿಸಿಕೊಂಡಿರುವ ಹೊತ್ತಿಗೇ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಪೋಸ್ಟರುಗಳು ಬರತೊಡಗುತ್ತವೆ: ಬೇಸಿಗೆ ರಂಗಶಿಬಿರ, ಮಕ್ಕಳ ನಾಟಕ ಕಮ್ಮಟ, ಕ್ಯಾಮೆರಾ ಮುಂದೆ ನಟನೆ, ಆಡಿಷನ್‌ಗೆ ತಯಾರಿ.

ನಮ್ಮ ಓಣಿಯ ಒಬ್ಬ ತಾಯಿ ಮಗಳನ್ನು ಅಂಥದೊಂದು ಶಿಬಿರಕ್ಕೆ ಹಾಕಿದ್ದರು. ಎಂಟನೇ ದಿನ ಸಿಕ್ಕಾಗ ಅವರ ಮುಖ ಸಪ್ಪಗಿತ್ತು. "ಎಂಟ ದಿನಾ ಆತ್ರಿ, ಇನ್ನೂ ಒಂದ ಡೈಲಾಗ್ ಕೊಟ್ಟಿಲ್ಲ. ಬರೇ ಆಟಾ ಆಡಸ್ತಾರ. ಆಟಾ ಆಡ್ಲಿಕ್ಕೆ ರೊಕ್ಕಾ ಕೊಟ್ಟು ಕಳಸಬೇಕೇನ್ರಿ?"

ಕೇಳಬೇಕಾದ ಪ್ರಶ್ನೆಯೇ. ಶಾಲೆಯ ಗ್ಯಾದರಿಂಗ್ (ವಾರ್ಷಿಕೋತ್ಸವ) ನಾಟಕ ಕಂಡ ನಮಗೆ ನಾಟಕ ಕಲಿಯುವುದೆಂದರೆ ಮಾತು ಬಾಯಿಪಾಠ ಮಾಡುವುದು, ಬಣ್ಣ ಹಚ್ಚಿಕೊಳ್ಳುವುದು, ಜೋರಾಗಿ ಒಪ್ಪಿಸುವುದು. ಹಾಗಾದರೆ ಈ ಆಟಗಳು ಯಾತಕ್ಕೆ?

ತಾಲೀಮು ಎಂಬ ಒಂದೇ ಮಾತು

ನಮ್ಮ ಕಡೆ ನಾಟಕದ ಅಭ್ಯಾಸಕ್ಕೆ ತಾಲೀಮು ಎನ್ನುತ್ತೇವೆ. ಕುಸ್ತಿಯ ಗರಡಿಗೂ ಅದೇ ಹೆಸರು. ಬೆಳಗಾವಿ, ಮುಧೋಳ, ಜಮಖಂಡಿಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಪದದ ಮೂಲ ಅರಬ್ಬಿ, ಅರ್ಥ ಕಲಿಕೆ.

ಗರಡಿಗೆ ಹೊಸದಾಗಿ ಬಂದ ಹುಡುಗನನ್ನು ಉಸ್ತಾದರು ಮೊದಲ ದಿನವೇ ಜೋಡಿಗೆ ಬಿಡುವುದಿಲ್ಲ. ದಂಡ, ಬೈಠಕ್, ಕೆಮ್ಮಣ್ಣು ಹದ ಮಾಡುವುದು, ಬೀಳುವುದನ್ನು ಕಲಿಯುವುದು, ಹೀಗೆ ತಿಂಗಳುಗಟ್ಟಲೆ. ಪಟ್ಟು ಆಮೇಲೆ. ನಟನೆಯ ತರಬೇತಿಯಲ್ಲೂ ಮಾತು, ಪಾತ್ರ ಎಂಬುವು ಪಟ್ಟುಗಳು. ಅದಕ್ಕೆ ಮುಂಚೆ ಮೈ, ಉಸಿರು, ಕಿವಿ, ಗಮನ ಹದಕ್ಕೆ ಬರಬೇಕು. ಮಕ್ಕಳಿಗೆ ದಂಡ ಹೊಡೆಸಿದರೆ ಮರುದಿನ ಬರುವುದಿಲ್ಲ. ಹಾಗಾಗಿ ಅದೇ ಕೆಲಸವನ್ನು ಆಟದ ರೂಪದಲ್ಲಿ ಮಾಡಿಸುತ್ತಾರೆ.

ಇಲ್ಲೊಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳೋಣ. ಪೋಸ್ಟರಿನ ಮೇಲೆ ಒಂದೇ ಥರ ಕಂಡರೂ ಒಳಗೆ ಸರಕು ಬೇರೆ ಬೇರೆ ಇರುತ್ತದೆ. ಒಂದು ಬಗೆಯಲ್ಲಿ ಕೊನೆಯ ದಿನದ ಪ್ರದರ್ಶನವೇ ಗುರಿ; ನಾಟಕ ಮೊದಲೇ ಆಯ್ಕೆಯಾಗಿರುತ್ತದೆ, ಮಕ್ಕಳು ಅದಕ್ಕೆ ಹೊಂದಿಕೊಳ್ಳುತ್ತಾರೆ. ಇನ್ನೊಂದರಲ್ಲಿ ದಾರಿಯೇ ಮುಖ್ಯ. ಕೊನೆಗೆ ಪ್ರದರ್ಶನ ಇರಬಹುದು, ಇಲ್ಲದೆಯೂ ಇರಬಹುದು. ಮೂರನೆಯದು ಕ್ಯಾಮೆರಾದ ನಟನೆ, ಅದರ ಲೆಕ್ಕವೇ ಬೇರೆ, ಮುಂದೆ ಹೇಳುತ್ತೇನೆ. ಇವಲ್ಲದೆ ನಾಟಕವನ್ನು ಪಾಠ ಹೇಳಲು ಬಳಸುವ ಶಿಕ್ಷಣ ರಂಗಭೂಮಿ ಇದೆ. ಇಂಗ್ಲೆಂಡಿನ ಕೊವೆಂಟ್ರಿಯ ಬೆಲ್‌ಗ್ರೇಡ್ ಥಿಯೇಟರು 1965ರಲ್ಲಿ ಇದನ್ನು ಒಂದು ಪದ್ಧತಿಯಾಗಿ ಕಟ್ಟಿತು. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ 1989ರಲ್ಲಿ ಇದಕ್ಕೆಂದೇ ಒಂದು ತಂಡ ಮಾಡಿತು. ಅಲ್ಲಿ ಮಗು ನಟನಾಗಬೇಕಿಲ್ಲ. ಭಿನ್ನರಾಶಿಯನ್ನು ರೊಟ್ಟಿ ಹಂಚುವ ಜಗಳದ ಸೀನಿನಲ್ಲಿ ಕಲಿತರೆ ಸಾಕು.

ಹಣ ಕಟ್ಟುವ ಮುಂಚೆ ಇದರಲ್ಲಿ ಯಾವುದು ಎಂದು ಕೇಳಿದರೆ ಎಂಟನೇ ದಿನದ ಬೇಸರ ತಪ್ಪುತ್ತದೆ.

ಕನ್ನಡಿ ಆಟದೊಳಗೆ ಏನಿದೆ

ಈಗ ಆಟಗಳಿಗೆ ಬರೋಣ. ಬಹುತೇಕ ಎಲ್ಲ ಶಿಬಿರಗಳಲ್ಲೂ ಕಾಣುವುದು ಕನ್ನಡಿ ಆಟ. ಇಬ್ಬರು ಎದುರುಬದುರು ನಿಲ್ಲುತ್ತಾರೆ. ಒಬ್ಬ ಮನುಷ್ಯ, ಇನ್ನೊಬ್ಬ ಅವನ ಕನ್ನಡಿ. ಈತ ಕೈ ಎತ್ತಿದರೆ ಆತನೂ ಎತ್ತಬೇಕು, ಅದೇ ವೇಗದಲ್ಲಿ. ಸ್ವಲ್ಪ ಹೊತ್ತಿಗೆ ಮಾಸ್ತರು ಅದಲುಬದಲು ಮಾಡಿಸುತ್ತಾರೆ. ಕಡೆಗೆ, "ಈಗ ಯಾರೂ ಮುಂದಾಳಲ್ಲ, ಇಬ್ಬರೂ ಕನ್ನಡಿ" ಎನ್ನುತ್ತಾರೆ. ಆಗ ನೋಡಬೇಕು. ತುಂಟತನಕ್ಕೆ ಗಬಗಬ ಕೈ ಬೀಸುತ್ತಿದ್ದ ಹುಡುಗ ತಾನಾಗಿ ನಿಧಾನವಾಗುತ್ತಾನೆ. ಜೋರು ಮಾಡಿದರೆ ಎದುರಿನವನು ತಪ್ಪುತ್ತಾನೆ, ಅವನು ತಪ್ಪಿದರೆ ತನ್ನ ಆಟವೂ ಹೋಗುತ್ತದೆ ಎಂದು ಯಾರೂ ಹೇಳದೆಯೇ ಅವನಿಗೆ ತಿಳಿದಿರುತ್ತದೆ.

ರಂಗದ ಮೇಲೆ ನಟನ ಮೊದಲ ಕೆಲಸ ಇದೇ, ಎದುರಿನವರನ್ನು ನೋಡುವುದು, ಕೇಳುವುದು. ಗ್ಯಾದರಿಂಗ್ ನಾಟಕಗಳಲ್ಲಿ ಹುಡುಗರು ತಮ್ಮ ಸರದಿಗಾಗಿ ಕಾಯುತ್ತ ನಿಂತಿರುತ್ತಾರಲ್ಲ, ಕಣ್ಣು ಅಪ್ಪ ಅಮ್ಮ ಕೂತ ಸಾಲಿನ ಮೇಲೆ, ಬಾಯಿ ಒಳಗೊಳಗೇ ಮುಂದಿನ ಮಾತನ್ನು ಉರುಹೊಡೆಯುತ್ತ? ಅವರಿಗೆ ಮಾತು ಗೊತ್ತಿರುತ್ತದೆ, ಕೇಳುವುದು ಗೊತ್ತಿರುವುದಿಲ್ಲ. ಕನ್ನಡಿ ಆಟ ಕಲಿಸುವುದು ಅದನ್ನೇ.

ವರ್ತುಲದಲ್ಲಿ ನಿಂತು ಚಪ್ಪಾಳೆ ದಾಟಿಸುವ ಆಟ ಲಯಕ್ಕೆ. ನಡೆಯುತ್ತ ನಡೆಯುತ್ತ ತಟ್ಟನೆ ನಿಂತು ಗೊಂಬೆಯಾಗುವ ಆಟ ಮೈಯ ಹಿಡಿತಕ್ಕೆ. ಕಾಣದ ಕೊಡವನ್ನು ಕೈಯಿಂದ ಕೈಗೆ ದಾಟಿಸುವ ಆಟವೊಂದಿದೆ: ತುಂಬಿದ ಕೊಡ, ಆಮೇಲೆ ಬರಿಗೊಡ, ಆಮೇಲೆ ತೂತು ಬಿದ್ದ ಕೊಡ. ಟ್ಯಾಂಕರ್ ಬಂದಾಗ ಕೊಡ ಹೊತ್ತ ಮಕ್ಕಳಿಗೆ ಇದನ್ನು ಕಲಿಸಬೇಕಿಲ್ಲ, ಅವರ ಸೊಂಟಕ್ಕೇ ನೆನಪಿರುತ್ತದೆ. ಅಪಾರ್ಟ್‌ಮೆಂಟಿನ ಹುಡುಗರು ತುಂಬಿದ ಕೊಡವನ್ನು ಚೆಂಡಿನಂತೆ ಎಸೆಯುತ್ತಾರೆ. ಮೈ ಕಂಡದ್ದನ್ನು ಮಾತ್ರ ಮೈ ಆಡಬಲ್ಲದು ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಇಂಥ ಆಟಗಳನ್ನು ನಟನೆಯ ಪಾಠವಾಗಿ ಜೋಡಿಸಿದವರಲ್ಲಿ ದೊಡ್ಡ ಹೆಸರು ಅಮೆರಿಕದ ವಯೋಲಾ ಸ್ಪೋಲಿನ್ (1906–1994). 1930ರ ದಶಕದ ಕೊನೆಗೆ ಶಿಕಾಗೋದಲ್ಲಿ ಬೇರೆ ಬೇರೆ ದೇಶಗಳಿಂದ ವಲಸೆ ಬಂದವರ ಮಕ್ಕಳಿಗೆ ನಾಟಕ ಕಲಿಸುವ ಹೊಣೆ ಆಕೆಯದಾಗಿತ್ತು. ಮನೆಮಾತು ಬೇರೆ, ಬೆಳೆದ ರೀತಿ ಬೇರೆ. ಉಪನ್ಯಾಸ ಕೊಟ್ಟರೆ ತಲೆಗೆ ಹೋಗದು. ಹಾಗಾಗಿ ಪ್ರತಿಯೊಂದು ರಂಗಪಾಠವನ್ನೂ ಒಂದೊಂದು ಆಟವಾಗಿ ಬದಲಿಸಿದಳು. 1963ರಲ್ಲಿ ಬಂದ ಆಕೆಯ ಪುಸ್ತಕ ಇವತ್ತಿಗೂ ರಂಗಶಿಕ್ಷಕರ ಕೈಪಿಡಿ.

ಬೆಳಗಾವಿಯ ಶಿಬಿರಕ್ಕೆ ಈ ಕತೆ ದೂರದ್ದಲ್ಲ. ಒಂದೇ ವರ್ತುಲದಲ್ಲಿ ಮನೆಯಲ್ಲಿ ಕನ್ನಡ ಆಡುವವರು, ಮರಾಠಿ ಆಡುವವರು, ಉರ್ದು ಆಡುವವರು ಇರುತ್ತಾರೆ. ಅಲ್ಲಿ ಅರ್ಥವಿಲ್ಲದ ಭಾಷೆಯ ಆಟ ಬಲು ಉಪಯೋಗಕ್ಕೆ ಬರುತ್ತದೆ. ಇಬ್ಬರು ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡಬೇಕು, ಆದರೆ ಯಾವ ಭಾಷೆಯಲ್ಲೂ ಅಲ್ಲ, "ಗಿಲಬಿಲಿ ತಕಪಕ" ಎಂದು. ಭಾಷೆ ಕೈಬಿಟ್ಟ ಕೂಡಲೇ ಕಣ್ಣು, ಕೈ, ದನಿಯ ಏರಿಳಿತ ಕೆಲಸಕ್ಕಿಳಿಯುತ್ತವೆ. ಯಾರಿಗೂ ಕನ್ನಡ ತಪ್ಪಿತು, ಮರಾಠಿ ತಪ್ಪಿತು ಎಂಬ ಅಂಜಿಕೆಯಿಲ್ಲ.

ನಾಚಿಕೆಯ ವಿಷಯಕ್ಕೂ ಇದೇ ಉಪಾಯ. "ನಾಚಕೋಬ್ಯಾಡ" ಎಂದರೆ ಮಗು ಇನ್ನಷ್ಟು ನಾಚುತ್ತದೆ. ತಲೆಯ ಮೇಲೆ ತುಂಬಿದ ಬಿಂದಿಗೆ ಹೊತ್ತ ಹುಡುಗಿ ತನ್ನ ನಡಿಗೆಯನ್ನು ಯಾರು ನೋಡುತ್ತಿದ್ದಾರೆಂದು ಯೋಚಿಸುವುದಿಲ್ಲ, ನೀರು ತುಳುಕಬಾರದು ಎಂಬುದಷ್ಟೇ ಅವಳ ಚಿಂತೆ. ಆಟವೂ ಅಂಥ ಒಂದು ಬಿಂದಿಗೆ. ಮಾಡಲು ಗಟ್ಟಿ ಕೆಲಸವೊಂದಿದ್ದರೆ ತನ್ನ ಬಗ್ಗೆ ಯೋಚಿಸಲು ಬಿಡುವೇ ಸಿಗದು.

ಅಳು ಅಂದರೆ ಅಳುವುದಲ್ಲ

ಆಟಗಳ ನಂತರ ಸನ್ನಿವೇಶಗಳು ಬರುತ್ತವೆ. ಬರೆದ ಮಾತಿಲ್ಲದೆ ಅಲ್ಲೇ ಹುಟ್ಟಿಸಿ ಆಡುವ ಇದಕ್ಕೆ ಆಶುನಟನೆ ಎಂದು ಹೆಸರು. ಬಸ್ ತಪ್ಪಿದೆ, ಪರೀಕ್ಷೆಗೆ ಹತ್ತು ನಿಮಿಷ ಉಳಿದಿದೆ, ನಿಲ್ದಾಣದಲ್ಲಿ ಪರಿಚಯದವರು ಯಾರೂ ಇಲ್ಲ, ಏನು ಮಾಡುತ್ತೀ?

"ಮಾಡುತ್ತೀ" ಎಂಬ ಪದವನ್ನು ಗಮನಿಸಿ. ಒಳ್ಳೆಯ ಶಿಕ್ಷಕರು ಮಕ್ಕಳಿಗೆ ಸಿಟ್ಟು ಮಾಡು, ದುಃಖ ಪಡು, ಅಳು ಎನ್ನುವುದಿಲ್ಲ. ಹಾಗೆಂದರೆ ಮಗು ಟಿವಿಯಲ್ಲಿ ಕಂಡ ಅಳುವನ್ನು ಮುಖಕ್ಕೆ ಅಂಟಿಸಿಕೊಳ್ಳುತ್ತದೆ, ಅಷ್ಟೇ. ಬದಲಿಗೆ ಕೆಲಸ ಕೊಡುತ್ತಾರೆ: ನಿನ್ನ ಮೇಕೆಮರಿ ಕಾಣುತ್ತಿಲ್ಲ, ಕತ್ತಲಾಗುತ್ತಿದೆ, ಹುಡುಕು. ಮಗು ಬಗ್ಗಿ ನೋಡುತ್ತದೆ, ಕರೆಯುತ್ತದೆ, ಕಿವಿಗೊಡುತ್ತದೆ, ಮತ್ತೆ ಕರೆಯುತ್ತದೆ. ಮೂರನೇ ಸಲ ಕರೆಯುವ ಹೊತ್ತಿಗೆ ದನಿ ತಾನಾಗಿ ಬದಲಾಗಿರುತ್ತದೆ. ರಷ್ಯಾದ ರಂಗನಿರ್ದೇಶಕ ಕಾನ್ಸ್ತಾಂತಿನ್ ಸ್ತಾನಿಸ್ಲಾವ್‌ಸ್ಕಿ (1863–1938) ನಟನೆಯ ಬುಡಕ್ಕೆ ಇಟ್ಟ ಪ್ರಶ್ನೆಯೂ ಇದೇ. "ನಾನು ಈ ಜಾಗದಲ್ಲಿ, ಈ ಪರಿಸ್ಥಿತಿಯಲ್ಲಿ ಇದ್ದಿದ್ದರೆ?" ನಮ್ಮ ಮಕ್ಕಳು ಮನೆಮನೆ ಆಟ ಆಡುವಾಗ ಕೇಳಿಕೊಳ್ಳುವುದು ಬೇರೇನಲ್ಲ. "ನೀ ಅವ್ವ ಅಂತ, ನಾ ಡಾಕ್ಟರ್ ಅಂತ." ಆ ಒಂದು "ಅಂತ"ದಲ್ಲಿ ಇಡೀ ನಟನೆ ಇದೆ.

ಒಂದು ಎಚ್ಚರಿಕೆ. ದೊಡ್ಡವರ ತರಬೇತಿಯಲ್ಲಿ ನಟರು ತಮ್ಮ ಬದುಕಿನ ನೋವನ್ನು ನೆನಪಿಸಿಕೊಂಡು ಪಾತ್ರಕ್ಕೆ ಬಳಸುವ ಒಂದು ವಿಧಾನವಿದೆ. ಮಕ್ಕಳ ಜೊತೆ ಅದನ್ನು ಮಾಡಬಾರದು. "ನಿಮ್ಮಜ್ಜಿ ತೀರಿಕೊಂಡದ್ದನ್ನು ನೆನಸಿಕೋ" ಎಂದು ಅಳಿಸಿ, ಅದನ್ನು ನಟನೆ ಎಂದು ತೋರಿಸುವ ಶಿಬಿರದಿಂದ ಮಗುವನ್ನು ಅವತ್ತೇ ಕರೆತನ್ನಿ.

ಅನುಕರಣೆಯೂ ಈಗ ದೊಡ್ಡ ಮಾತಾಗಿದೆ. ರೀಲ್ಸ್ ನೋಡಿ ಸಿನಿಮಾ ನಟರ ದನಿಯನ್ನು ಹುಬೇಹೂಬು ಒಪ್ಪಿಸುವ ಹುಡುಗನಿಗೆ ನಂಟರ ಮದುವೆಯಲ್ಲಿ ಚಪ್ಪಾಳೆ ಬೀಳುತ್ತದೆ. ಅದು ಕಿವಿ ಚುರುಕಾಗಿರುವ ಗುರುತು, ತಳ್ಳಿಹಾಕುವಂಥದ್ದಲ್ಲ. ಆದರೆ ಅಲ್ಲಿಗೆ ನಿಲ್ಲಬಾರದು. ಬೆಳಗಾವಿಯ ರಂಗಮಂದಿರಕ್ಕೆ ಯಾರ ಹೆಸರಿದೆಯೋ ಆ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು 1924ರಲ್ಲಿ ಅದೇ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದವರು. ಎಳವೆಯಲ್ಲಿ ದೊಡ್ಡ ಗಾಯಕರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಹಾಗೆಯೇ ಹಾಡಿ ಬೆರಗು ಹುಟ್ಟಿಸಿದ ಹುಡುಗ. ಹೊಗಳಿಕೆ ಸಾಕಷ್ಟು ಸಿಕ್ಕಿತ್ತು. ಆದರೂ ಮುಂಬಯಿಗೆ ಕಳಿಸಿ ಸಂಗೀತ ಗುರು ಬಿ.ಆರ್. ದೇವಧರರ ಬಳಿ ಮೊದಲಿನಿಂದ ಕಲಿಸಿದರು. ಆಮೇಲೆ ಅವರು ಹಾಡಿದ್ದು ಯಾರ ತಟ್ಟೆಯಲ್ಲೂ ಇರದ ಸಂಗೀತ.

ಮೈ, ದನಿ, ಮಾತು

ಅಭಿನಯದಲ್ಲಿ ನಾಲ್ಕು ಬಗೆ ಎಂದು ಭರತನ ನಾಟ್ಯಶಾಸ್ತ್ರ ಹೇಳುತ್ತದೆ. ಆಂಗಿಕವೆಂದರೆ ಮೈಯಿಂದ ಹೇಳುವುದು. ವಾಚಿಕ ಮಾತಿನಿಂದ. ಆಹಾರ್ಯ ಉಡುಗೆ, ಬಣ್ಣ, ಆಭರಣದಿಂದ. ಸಾತ್ವಿಕವೆಂದರೆ ಒಳಗಿನ ಭಾವ ಕಣ್ಣೀರು, ನಡುಕ, ರೋಮಾಂಚನವಾಗಿ ಹೊರಬರುವುದು. ಆ ಸಂಸ್ಕೃತ ಗ್ರಂಥವನ್ನು ಕನ್ನಡ ಓದುಗರ ಕೈಗೆಟುಕಿಸಿದವರು ವಿಜಯಪುರ ಜಿಲ್ಲೆಯ ಅಗರಖೇಡದಲ್ಲಿ ಹುಟ್ಟಿದ ನಾಟಕಕಾರ ಶ್ರೀರಂಗರು (ಆದ್ಯ ರಂಗಾಚಾರ್ಯ, 1904–1984) ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿದರೆ ತಪ್ಪಿಲ್ಲ. ಪಾಲಕರು ಹೆಚ್ಚಾಗಿ ಚಿಂತಿಸುವುದು ಮೂರನೆಯದರ ಬಗ್ಗೆ, ಡ್ರೆಸ್ ಬಾಡಿಗೆ ಎಷ್ಟು, ಬಣ್ಣ ಯಾರು ಹಚ್ಚುತ್ತಾರೆ ಎಂದು. ತರಬೇತಿಯ ಹೊತ್ತೆಲ್ಲ ಹೋಗುವುದು ಮೊದಲಿನ ಎರಡಕ್ಕೆ.

ದನಿಯ ಬಗ್ಗೆ ತಪ್ಪು ತಿಳಿವಳಿಕೆ ಬಹಳ. "ಜೋರಾಗಿ ಮಾತಾಡು" ಎಂದರೆ ಮಗು ಗಂಟಲಿನಿಂದ ಕಿರುಚುತ್ತದೆ, ಎರಡು ದಿನಕ್ಕೆ ದನಿ ಕೂರುತ್ತದೆ. ದನಿಗೆ ಇಂಧನ ಉಸಿರು. ಹಾಸಿಗೆ ಮೇಲೆ ಮಲಗಿದ ಕೂಸಿನ ಹೊಟ್ಟೆ ನೋಡಿ, ಉಸಿರಿಗೆ ತಕ್ಕಂತೆ ಏರುತ್ತ ಇಳಿಯುತ್ತ ಇರುತ್ತದೆ. ಅದೇ ಕೂಸು ಅತ್ತರೆ ಮೂರನೇ ಮನೆಗೆ ಕೇಳುತ್ತದೆ, ದನಿ ಮಾತ್ರ ಬೇಗ ಕೂರುವುದಿಲ್ಲ. ದೊಡ್ಡವರಾಗುತ್ತ ಎದೆಯ ಮೇಲ್ಭಾಗದಲ್ಲೇ ಉಸಿರಾಡುವ ರೂಢಿ ಬಿದ್ದುಬಿಡುತ್ತದೆ. ಶಿಬಿರದಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಪುಸ್ತಕವಿಟ್ಟು ಉಸಿರಾಡಿಸುವುದು ಈ ಕಾರಣಕ್ಕೆ. ಮಗು ಮಲಗಿ ಬಂತು ಎಂದು ಸಿಟ್ಟಾಗಬೇಡಿ.

ಹುಡುಗರಲ್ಲಿ ಸುಮಾರು 12ರಿಂದ 15ರ ನಡುವೆ ದನಿ ಒಡೆಯುತ್ತದೆ. ಗಂಟಲಿನ ಧ್ವನಿಪೆಟ್ಟಿಗೆ ಬೆಳೆದು ತಂತುಗಳು ಉದ್ದವಾಗುತ್ತವೆ. ಸಿತಾರಿನ ತಂತಿ ಉದ್ದವಾದರೆ ಸ್ವರ ಇಳಿಯುವ ಹಾಗೆ ದನಿ ಸುಮಾರು ಒಂದು ಸಪ್ತಕದಷ್ಟು ಕೆಳಗಿಳಿಯುತ್ತದೆ. ಹುಡುಗಿಯರ ದನಿಯೂ ಇಳಿಯುತ್ತದೆ, ಕೆಲವೇ ಸ್ವರಗಳಷ್ಟು. ಈ ಕಾಲದಲ್ಲಿ ಹುಡುಗನ ಮಾತು ನಡುನಡುವೆ ಕೀಚಲಾಗುತ್ತದೆ, ತರಗತಿ ನಗುತ್ತದೆ, ಆತ ಬಾಯಿ ಮುಚ್ಚಿಕೊಳ್ಳುತ್ತಾನೆ. ಅರಿತ ಶಿಕ್ಷಕರು ಆಗ ಅವನಿಗೆ ಎತ್ತರದ ಸ್ವರದ ಹಾಡು ಕೊಡುವುದಿಲ್ಲ, ಮಾತು ಕಡಿಮೆ ಇರುವ, ಮೈಯಲ್ಲಿ ಆಡುವ ಪಾತ್ರ ಕೊಡುತ್ತಾರೆ. ಹಿಂದಿನ ಕಂಪನಿ ನಾಟಕಗಳಲ್ಲಿ ಹೆಣ್ಣುಪಾತ್ರ ಮಾಡುತ್ತಿದ್ದ ಹುಡುಗರಿಗೆ ದನಿ ಒಡೆಯುವುದೆಂದರೆ ಕೆಲಸವೇ ಬದಲಾಗುವ ಗಳಿಗೆ.

ಇನ್ನು ಮಾತು. ನಮ್ಮ ಭಾಗದ ಮಕ್ಕಳಿಗೆ ಒಂದು ಅದೃಶ್ಯ ಭಾರವಿದೆ: ವೇದಿಕೆ ಹತ್ತಿದರೆ "ಶುದ್ಧ ಕನ್ನಡ" ಆಡಬೇಕು. ಮನೆಯಲ್ಲಿ "ಯಾಕ ಬಂದಿ, ಏನ್ ಬೇಕಾಗಿತ್ತ" ಎನ್ನುವ ಹುಡುಗಿ ರಂಗದ ಮೇಲೆ "ಏಕೆ ಬಂದಿರುವೆ, ನಿನಗೇನು ಬೇಕಾಗಿದೆ" ಎಂದು ಮರಗಟ್ಟಿದ ದನಿಯಲ್ಲಿ ಒಪ್ಪಿಸುತ್ತಾಳೆ. ಅವಳಿಗೆ ನಟನೆ ಬರುವುದಿಲ್ಲ ಎಂದಲ್ಲ. ಆ ಭಾಷೆಯಲ್ಲಿ ಅವಳು ಎಂದೂ ಜಗಳವಾಡಿಲ್ಲ, ಹಟ ಮಾಡಿಲ್ಲ. ಮೊದಲು ಮನೆಮಾತಿನಲ್ಲಿ ಸನ್ನಿವೇಶ ಆಡಿಸಿ, ಆಮೇಲೆ ಬೇಕಾದರೆ ಗ್ರಂಥಭಾಷೆಗೆ ದಾಟಿಸುವುದು ಸರಿಯಾದ ಕ್ರಮ. ಈ ಕನ್ನಡ ರಂಗಕ್ಕೆ ಸಲ್ಲದು ಎನ್ನುವವರಿಗೆ ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರೇ ಉತ್ತರ. ಇದೇ ಮಾತಿನ ಲಯದಲ್ಲಿ ನಾಟಕ ಬರೆದು ಜ್ಞಾನಪೀಠದವರೆಗೆ ಹೋದವರು, ರಾಷ್ಟ್ರೀಯ ನಾಟಕ ಶಾಲೆಯ ಅಧ್ಯಕ್ಷರೂ ಆಗಿದ್ದವರು.

ಶಿಬಿರ ಬರುವ ಮುಂಚೆ ಯಾರು ಕಲಿಸುತ್ತಿದ್ದರು?

ಬೆಳಗಾವಿ, ವಿಜಯಪುರ, ಬಾಗಲಕೋಟೆ, ಈ ಮೂರು ಜಿಲ್ಲೆಗಳಿಗೆ ನಾಟಕದ ಕಲಿಕೆ ಹೊಸದಲ್ಲ. ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಬೆಳೆಸಿದ ಹಾಡಿನ ಬಯಲಾಟ ಶ್ರೀಕೃಷ್ಣ ಪಾರಿಜಾತ, ಕೌಜಲಗಿ ನಿಂಗಮ್ಮ ಹಾಡಿ ಆಡಿದ ಪಾರಿಜಾತ ಇಲ್ಲಿಯದು. ಬೈಲಹೊಂಗಲದ ಸೀಮೆಯ ಕತೆಯೇ ಸಣ್ಣಾಟವೆಂಬ ಜಾನಪದ ನಾಟಕವಾಗಿ ಸಂಗ್ಯಾ ಬಾಳ್ಯಾ ಆಯಿತು. ಬಯಲಾಟ ಅಕಾಡೆಮಿಯ ಕಚೇರಿ ಇರುವುದೂ ಬಾಗಲಕೋಟೆಯಲ್ಲೇ. ಬಾದಾಮಿಯ ಬನಶಂಕರಿ ಜಾತ್ರೆಗೆ ಇವತ್ತಿಗೂ ನಾಟಕ ಕಂಪನಿಗಳು ಬಂದು ಟೆಂಟು ಹಾಕುತ್ತವೆ. ಹಳ್ಳಿ ಜಾತ್ರೆಗಳಲ್ಲಿ ಕಂದಗಲ್ ಹನುಮಂತರಾಯರ ಪೌರಾಣಿಕ ನಾಟಕಗಳಿಗೆ ತಾಲೀಮು ನಡೆಯುವಾಗ ಪೇಟಿ (ಹಾರ್ಮೋನಿಯಂ) ಮಾಸ್ತರ ಸುತ್ತ ಕೂರುವ ಚಿಕ್ಕ ಹುಡುಗರಿಗೆ ಎಲ್ಲರ ಮಾತೂ ಬಾಯಿಗೆ ಬಂದಿರುತ್ತದೆ. ವಿಜಯಪುರದ ರಂಗಮಂದಿರಕ್ಕೆ ಹನುಮಂತರಾಯರದೇ ಹೆಸರು.

ಅಲ್ಲಿ ಕಲಿಕೆ ನಡೆಯುತ್ತಿದ್ದುದು ನೋಡುತ್ತ, ಜೊತೆಯಲ್ಲಿ ಇರುತ್ತ. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರು ಎಳೆಯ ವಯಸ್ಸಿನಲ್ಲೇ ಬಣ್ಣ ಹಚ್ಚಿ, ಹೆಣ್ಣುಪಾತ್ರಗಳನ್ನು ಮಾಡಿ, ಆಮೇಲೆ ಕಂಪನಿಯ ಮಾಲೀಕರಾಗಿ, ನೂರು ದಾಟಿ ಬದುಕಿದರು. ಬೀಳಗಿಯ ಗಾಯಕಿ, ನಟಿ ಅಮೀರಬಾಯಿ ಕರ್ನಾಟಕಿ ಹಿಂದಿ ಚಿತ್ರರಂಗದವರೆಗೆ ಹೋದರು. ಮೈಕಿಲ್ಲದ ಕಾಲದಲ್ಲಿ ಕಡೆಯ ಸಾಲಿಗೆ ಮಾತು ಮುಟ್ಟಿಸುವುದು, ಹಾಡಿನಿಂದ ಮಾತಿಗೆ ಜಾರುವುದು, ಜನರ ನಾಡಿ ಹಿಡಿಯುವುದು, ಇವನ್ನು ಆ ಶಾಲೆ ಕಲಿಸಿದಷ್ಟು ಚೆನ್ನಾಗಿ ಯಾವ ಶಿಬಿರವೂ ಕಲಿಸದು.

ಆದರೆ ಅದು ಮಕ್ಕಳಿಗಾಗಿ ಕಟ್ಟಿದ ಶಾಲೆಯಲ್ಲ. ಕಂಪನಿ ಸೇರಿದ ಮಗುವಿಗೆ ಓದು ನಿಲ್ಲುತ್ತಿತ್ತು, ರಾತ್ರಿಯಿಡೀ ನಿದ್ದೆಗೆಡಬೇಕಿತ್ತು, ಮಾತು ತಪ್ಪಿದರೆ ಪೆಟ್ಟೂ ಬೀಳುತ್ತಿತ್ತು. ಆಡುತ್ತಿದ್ದುದೂ ದೊಡ್ಡವರ ನಾಟಕ. ಮಕ್ಕಳಿಗೆಂದೇ ರಂಗಭೂಮಿ ಬೇಕು ಎಂಬ ಮಾತಿಗೆ ಕನ್ನಡದಲ್ಲಿ ಬಲ ಬಂದದ್ದು ಬಿ.ವಿ. ಕಾರಂತ (1929–2002), ಪ್ರೇಮಾ ಕಾರಂತ ಅಂಥವರಿಂದ. ಕಾರಂತರು ಸ್ವತಃ ಹುಡುಗನಾಗಿದ್ದಾಗ ಮನೆಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದ್ದವರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಎಂಬ ಸರ್ಕಾರಿ ರಂಗಸಂಸ್ಥೆ ಆಯಿತು. ಬೇಸಿಗೆಯ ಚಿಣ್ಣರ ಮೇಳ ಎಂಬ ಹೆಸರು ಮನೆಮಾತಾದದ್ದು ಅಲ್ಲಿಂದ. ನಮ್ಮ ಜಿಲ್ಲೆಗಳಿಗೆ ಹತ್ತಿರದ್ದು ಧಾರವಾಡದ ರಂಗಾಯಣ. ಕರ್ನಾಟಕ ಬಾಲವಿಕಾಸ ಅಕಾಡೆಮಿಯೂ ಧಾರವಾಡದಲ್ಲೇ ಇದೆ.

ಆರು ವರ್ಷಕ್ಕೊಂದು, ಹದಿನಾಲ್ಕಕ್ಕೊಂದು

ಆರೇಳು ವರ್ಷದ ಮಗುವಿಗೆ ಕತೆ, ಹಾಡು, ಪ್ರಾಣಿಯಾಗುವುದು, ಮಳೆಯಾಗುವುದು ಸಾಕು. ಪ್ರೇಕ್ಷಕರ ಮುಂದೆ ನಿಲ್ಲಿಸಲೇಬೇಕೆಂಬ ಆತುರ ಬೇಡ. ಒಂಬತ್ತು ಹತ್ತರ ಹೊತ್ತಿಗೆ ಪಾತ್ರ, ಸನ್ನಿವೇಶ, ಚಿಕ್ಕ ನಾಟಕ ಹಿಡಿಸುತ್ತವೆ.

ಹದಿಹರೆಯ ಕಷ್ಟದ್ದು, ರುಚಿಯದ್ದೂ. ಈ ವಯಸ್ಸಿನವರಿಗೆ ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಎನಿಸುತ್ತದೆ. ಮೊಲ, ಆಮೆ ಆಗು ಎಂದರೆ ಮುಖ ಸಿಂಡರಿಸುತ್ತಾರೆ. ಅವರೊಂದಿಗೆ ಹೆಚ್ಚು ಫಲ ಕೊಡುವುದು ತಾವೇ ನಾಟಕ ಕಟ್ಟುವ ಕ್ರಮ. ಬಾಗಲಕೋಟೆಯ ಉದಾಹರಣೆ ತೆಗೆದುಕೊಳ್ಳೋಣ. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರಿನ ಭಾಗಗಳು ಮುಳುಗಿ ನವನಗರ ಎದ್ದದ್ದು ಇವತ್ತಿನ ಹುಡುಗರಿಗೆ ಕೇಳಿದ ಕತೆ. ಶಿಬಿರದಲ್ಲಿ ಅವರಿಗೆ ಮನೆಗೆಲಸ ಕೊಡುತ್ತಾರೆ ಎಂದುಕೊಳ್ಳಿ: ಹಳೆ ಮನೆ ಬಿಡುವಾಗ ಏನೇನು ಹೊತ್ತು ತಂದಿರಿ ಎಂದು ಅಜ್ಜಿಯನ್ನು ಕೇಳಿ ಬನ್ನಿ. ಒಬ್ಬಳು ಬಾಗಿಲ ಚೌಕಟ್ಟು ಎಂದು ಬರೆದು ತರುತ್ತಾಳೆ, ಇನ್ನೊಬ್ಬ ಬೀಸುವ ಕಲ್ಲು, ಮತ್ತೊಬ್ಬ ತುಳಸಿಕಟ್ಟೆಯ ಮಣ್ಣು. ಆ ವಸ್ತುಗಳನ್ನಿಟ್ಟುಕೊಂಡು ಸನ್ನಿವೇಶ ಆಡುತ್ತಾರೆ. ಹತ್ತು ಸಲ ಆಡಿದ್ದರಲ್ಲಿ ಗಟ್ಟಿಯಾದದ್ದನ್ನು ಉಳಿಸಿಕೊಂಡು ಮಾತು ಬರೆಯುತ್ತಾರೆ. ನಾಟಕ ಹೀಗೆ ಹಿಂದುಮುಂದಾಗಿ ಹುಟ್ಟುತ್ತದೆ, ಬರೆದ ಮೇಲೆ ಆಡುವುದಲ್ಲ, ಆಡಿದ ಮೇಲೆ ಬರೆಯುವುದು. ಸಮಯ ಬಹಳ ತಿನ್ನುತ್ತದೆ. ಆದರೆ ಆ ವಯಸ್ಸಿನವರು ಬಾಯಿಬಿಟ್ಟು ಆಡುವುದು ತಮ್ಮದೇ ಮಾತಾದಾಗ.

ನಟನೆ ಮಾಡಲೊಲ್ಲೆ ಎನ್ನುವವರಿಗೂ ರಂಗದಲ್ಲಿ ಜಾಗವಿದೆ. ಬೆಳಕು, ಪರಿಕರ, ತಾಳ, ರಂಗಸಜ್ಜಿಕೆ. ಒತ್ತಾಯದಿಂದ ಮುಂದೆ ತಳ್ಳಿದ ಹುಡುಗ ಮುಂದಿನ ವರ್ಷ ಬರುವುದಿಲ್ಲ, ಸ್ಪಾಟ್‌ಲೈಟ್ ಹಿಡಿದವನು ಬರುತ್ತಾನೆ.

ಮುಂದೆ ಇದನ್ನೇ ಓದಬಹುದೇ ಎಂದು ಕೇಳುವವರು ಹೆಚ್ಚಾಗಿದ್ದಾರೆ. 1980ರಲ್ಲಿ ಶುರುವಾದ ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರ, ಸಾಣೇಹಳ್ಳಿಯ ರಂಗಶಾಲೆ, ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ, ಇವೆಲ್ಲ ಶಾಲೆ ಮುಗಿಸಿದ ತರುಣರಿಗಾಗಿ ಇರುವಂಥವು. ದಿಲ್ಲಿಯ ಮೂರು ವರ್ಷದ ಕೋರ್ಸಿಗೆ ಪದವಿಯೂ ಬೇಕು. ಎಂಟನೇ ತರಗತಿಯ ಮಗುವಿಗೆ ಸದ್ಯಕ್ಕೆ ಶಾಲೆಯ ನಾಟಕ, ಪ್ರತಿಭಾ ಕಾರಂಜಿ, ಸೂಟಿಯ ಶಿಬಿರ ಸಾಕು.

ಕ್ಯಾಮೆರಾ, ಆಡಿಷನ್ ಮತ್ತು ಕಾನೂನು

ರಂಗದ ನಟ ಕೊನೆಯ ಸಾಲಿಗೆ ತಲುಪಬೇಕು. ಕ್ಯಾಮೆರಾ ತಾನೇ ಮುಖದ ಹತ್ತಿರ ಬರುತ್ತದೆ, ರಂಗದಲ್ಲಿ ಸರಿಯಾದದ್ದು ಅಲ್ಲಿ ಅತಿ ಎನಿಸುತ್ತದೆ. ಬುಡದ ತಾಲೀಮು ಮಾತ್ರ ಒಂದೇ. ಹೀಗಾಗಿ ನಟನೆಯ ಗಂಧವಿಲ್ಲದೆ ಮೂರು ದಿನದಲ್ಲಿ ಆಡಿಷನ್‌ಗೆ ತಯಾರು ಮಾಡುತ್ತೇವೆ ಎನ್ನುವವರು ಕಲಿಸುವುದು ಫೋಟೊಗೆ ನಿಲ್ಲುವುದನ್ನೇ ಹೊರತು ನಟನೆಯನ್ನಲ್ಲ.

ಮಗು ನಿಜಕ್ಕೂ ಸೀರಿಯಲ್, ಸಿನಿಮಾ, ರಿಯಾಲಿಟಿ ಶೋಗೆ ಆಯ್ಕೆಯಾದರೆ ಪಾಲಕರಿಗೆ ಕಾನೂನು ಗೊತ್ತಿರಬೇಕು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು. ಹದಿನಾಲ್ಕರೊಳಗಿನವರನ್ನು ದುಡಿಸಿಕೊಳ್ಳುವುದು ನಿಷಿದ್ಧ, ಆದರೆ ಕಲಾವಿದರಾಗಿ ಸಿನಿಮಾ, ಟಿವಿ, ಜಾಹೀರಾತಿನಲ್ಲಿ ಷರತ್ತುಗಳೊಂದಿಗೆ ಅವಕಾಶವಿದೆ. ಸರ್ಕಸ್ಸಿಗೆ ಇಲ್ಲ. 2017ರ ನಿಯಮಗಳು ಆ ಷರತ್ತುಗಳನ್ನು ಬಿಡಿಸಿ ಹೇಳುತ್ತವೆ. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ಬಿಡುವಿಲ್ಲದೆ 3 ಗಂಟೆ ಮೀರುವಂತಿಲ್ಲ. ಸತತ 27 ದಿನಕ್ಕಿಂತ ಹೆಚ್ಚು ತೊಡಗಿಸುವಂತಿಲ್ಲ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿಯನ್ನು ನಿರ್ಮಾಪಕರು ಪಡೆಯಬೇಕು. ಐದು ಮಕ್ಕಳಿಗೆ ಕನಿಷ್ಠ ಒಬ್ಬ ಜವಾಬ್ದಾರಿ ವ್ಯಕ್ತಿ ಇರಬೇಕು. ಓದು ನಿಲ್ಲಬಾರದು. ಮಗುವಿನ ಗಳಿಕೆಯ ಕನಿಷ್ಠ ಶೇ. 20ರಷ್ಟು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಅದರ ಹೆಸರಿನ ಠೇವಣಿಗೆ ಹೋಗಬೇಕು. ಮಗು ಒಲ್ಲೆ ಎಂದರೆ ಒಲ್ಲೆ. ಅದರ ಇಚ್ಛೆಗೆ ವಿರುದ್ಧವಾಗಿ ಮಾಡಿಸುವುದು ಕಾನೂನಿಗೇ ವಿರುದ್ಧ.

ಊರಿನ ಶಿಬಿರಕ್ಕೂ ಒಂದಿಷ್ಟು ಕಣ್ಣು ಬೇಕು. ಒಂದು ದಿನ ಒಳಗೆ ಕೂತು ನೋಡಲು ಬಿಡುತ್ತಾರೆಯೇ? ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು? ಹುಡುಗಿಯರ ವೇಷಭೂಷಣದ ಕೋಣೆಯಲ್ಲಿ ಮಹಿಳೆಯರು ಇರುತ್ತಾರೆಯೇ? ಮಕ್ಕಳ ವಿಡಿಯೊ ಎಲ್ಲಿ ಹಾಕುತ್ತಾರೆ, ನಿಮ್ಮನ್ನು ಕೇಳುತ್ತಾರೆಯೇ? ಏನಾದರೂ ಎಡವಟ್ಟು ಕಂಡರೆ ಮಕ್ಕಳ ಸಹಾಯವಾಣಿ 1098. ದೊಡ್ಡ ಪಾತ್ರ ಯಾವ ಲೆಕ್ಕದಲ್ಲಿ ಹಂಚುತ್ತಾರೆ ಎಂಬುದನ್ನೂ ವಿಚಾರಿಸಿ. ದೇಣಿಗೆ ಕೊಟ್ಟವರ ಮಗನೇ ಪ್ರತಿ ವರ್ಷ ರಾಜನಾಗುತ್ತಿದ್ದರೆ ಮಕ್ಕಳು ಅಲ್ಲಿ ಕಲಿಯುವ ಪಾಠ ಬೇರೆ.

ಮಾತು ಮರೆತರೆ?

ಕಂಪನಿ ನಾಟಕದಲ್ಲಿ ಸೈಡ್ ವಿಂಗಿನೊಳಗೆ ಪುಸ್ತಕ ಹಿಡಿದು ಪಿಸುಗುಡುವ ಪ್ರಾಂಪ್ಟರ್ ಇರುತ್ತಿದ್ದ. ಪಾರಿಜಾತದಲ್ಲಿ ಕತೆ ನಡೆಸುವ ಭಾಗವತ, ಪಾತ್ರಗಳೊಡನೆ ಮಾತಿಗಿಳಿಯುತ್ತಾನೆ, ಪ್ರಶ್ನೆ ಹಾಕುತ್ತಾನೆ, ಎಳೆ ತಪ್ಪಿದರೆ ಅಲ್ಲೇ ಸೇರಿಸುತ್ತಾನೆ. ಮಕ್ಕಳ ನಾಟಕದಲ್ಲಿ ಈ ಎರಡೂ ಇಲ್ಲದಿದ್ದರೆ ಉಳಿಯುವುದು ಜೊತೆಗಾರರು.

ಮೊದಲು ಹೇಳಿದ ಆ ತಾಯಿಯ ಮಗಳಿಗೆ ಕೊನೆಗೆ ಸಿಕ್ಕದ್ದು ಅಂಚೆಯವಳ ಪಾತ್ರ, ನಾಲ್ಕೇ ಮಾತು. ಪ್ರದರ್ಶನದ ದಿನ ಎರಡನೆಯದಕ್ಕೇ ಮರೆತಳು. ಅಮ್ಮ ಕುರ್ಚಿಯ ತುದಿಗೆ ಬಂದಿದ್ದರು. ಹುಡುಗಿ ಸಭೆಯ ಕಡೆ ನೋಡಲಿಲ್ಲ, ಎದುರಿಗಿದ್ದ ಮುದುಕನ ಪಾತ್ರದ ಹುಡುಗನನ್ನೇ ನೋಡಿದಳು. ಆತ ಅವಳ ಚೀಲಕ್ಕೆ ಕೈಹಾಕಿ, "ಏನವ್ವಾ, ಪಗಾರ ಬಂದಿಲ್ಲಂತ ಪತ್ರ ಕೊಡಾಕೂ ಮನಸ್ಸಿಲ್ಲೇನ?" ಎಂದ. ಪುಸ್ತಕದಲ್ಲಿ ಇಲ್ಲದ ಮಾತು. ಜನ ನಕ್ಕರು, ಅವಳಿಗೂ ನಗು ಬಂತು, ನಗುತ್ತಲೇ ಪತ್ರ ತೆಗೆದು ಕೊಟ್ಟಳು. ಮರೆತ ಮಾತು ಆಮೇಲೆ ಸರಿಯಾದ ಜಾಗಕ್ಕೆ ಬಂದು ಕೂತಿತು. "ಆ ಡೈಲಾಗ್ ಮೊದಲಽ ಇತ್ತೇನ್ರಿ?" ಎಂದು ತಾಯಿ ಪಕ್ಕದವರನ್ನು ಕೇಳುತ್ತಿದ್ದರು.